ಕೌಂಟರಿನ ಒಳಗೆ ಕುಳಿತವರಿಗೆ

ತಿಪಟೂರಿನ ಕಡೆಯ ಒಂದು ಶಾಖೆಗೆ ನಾನು ಮ್ಯಾನೇಜರ್ ಆಗಿ ಹೋದ ಹೊಸತು. 2012ರ ಬೇಸಿಗೆ. ಮಧ್ಯಾಹ್ನ ಊಟದ ಹೊತ್ತಿಗೆ ಜನ ಕರಗಿದ್ದರು. ಒಬ್ಬ ತಾಯಿ ಮಾತ್ರ ಬೆಂಚಿನ ತುದಿಯಲ್ಲಿ ಕೂತೇ ಇದ್ದರು. ಮಡಿಲಲ್ಲಿ ಒಂದು ಪ್ಲಾಸ್ಟಿಕ್ ಕವರು. ಅದರೊಳಗೆ ರೇಷನ್ ಕಾರ್ಡು, ಗಂಡನ ಮರಣ ಪತ್ರ, ಮೂಲೆ ಮುದುರಿದ ಪಾಸ್‌ಬುಕ್ಕು. ಏನಾಗಬೇಕಿತ್ತಮ್ಮ ಎಂದು ಕೇಳಿದೆ. "ನಾಲ್ಕನೇ ಸಲ ಬರ್ತಿರೋದು ಸ್ವಾಮಿ. ಕೋರ್ಟಿಂದ ಕಾಗದ ತಂದ್ರೇ ದುಡ್ಡು ಅಂತಾರೆ. ಲಾಯರು ಆರು ಸಾವಿರ ಆಗುತ್ತೆ ಅಂದ್ರು" ಎಂದರು. ಗಂಡನ ಖಾತೆಯಲ್ಲಿದ್ದದ್ದು 23 ಸಾವಿರ ಚಿಲ್ಲರೆ.

ಪಾಸ್‌ಬುಕ್ಕಿನ ಮೊದಲ ಪುಟ ತೆರೆದೆ. ನಾಮಿನೇಶನ್ ನೋಂದಣಿಯಾಗಿದೆ ಎಂಬ ಸೀಲು ಅಲ್ಲೇ ಕಾಣುತ್ತಿತ್ತು. ಕಪಾಟಿನಿಂದ ಖಾತೆಯ ಹಳೇ ಫಾರಂ ತೆಗೆಸಿ ನೋಡಿದರೆ ನಾಮಿನಿಯ ಜಾಗದಲ್ಲಿ ಆಕೆಯದೇ ಹೆಸರು. ನಾಮಿನಿ ಇರುವ ಖಾತೆಗೆ ಕೋರ್ಟಿನ ವಾರಸಾ ಪತ್ರ ಬೇಕಿಲ್ಲ. ಮರಣ ಪ್ರಮಾಣಪತ್ರ, ನಾಮಿನಿಯ ಗುರುತಿನ ದಾಖಲೆ, ಒಂದು ಕ್ಲೇಮ್ ಫಾರಂ, ಇಷ್ಟು ಸಾಕು. ಕಾಗದ ಸರಿಯಿದ್ದರೆ 15 ದಿನದೊಳಗೆ ಹಣ ಕೊಡಬೇಕೆಂದು ರಿಸರ್ವ್ ಬ್ಯಾಂಕು 2005ರಲ್ಲೇ ಬ್ಯಾಂಕುಗಳಿಗೆ ಹೇಳಿತ್ತು. ಮೂರನೆಯ ದಿನ ಅವರ ಕೈಗೆ ಹಣ ಸೇರಿತು.

ಆ ಕೌಂಟರಿನಲ್ಲಿದ್ದ ಹುಡುಗ ಒಳ್ಳೆಯವನು. ಮಾತು ಮೃದು, ಹೊತ್ತಿಗೆ ಸರಿಯಾಗಿ ಬರುತ್ತಿದ್ದ, ಯಾರಿಂದಲೂ ಒಂದು ಲೋಟ ಕಾಫಿ ಕುಡಿದವನಲ್ಲ. ಕರೆದು ಕೇಳಿದೆ. ಮುಖ ಸಣ್ಣದು ಮಾಡಿಕೊಂಡು, "ಸಾರ್, ಇದನ್ನ ನನಗೆ ಯಾರೂ ಹೇಳಿಕೊಟ್ಟಿಲ್ಲ" ಎಂದ. ಅವನು ಸುಳ್ಳು ಹೇಳಲಿಲ್ಲ, ನಿಜವಾಗಿಯೂ ಯಾರೂ ಹೇಳಿಕೊಟ್ಟಿರಲಿಲ್ಲ. ಆದರೆ ಅವನು ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು. ಬ್ಯಾಂಕಿನ ಕೈಪಿಡಿ ಅವನ ಬೆನ್ನ ಹಿಂದಿನ ಕಪಾಟಿನಲ್ಲೇ ಇತ್ತು. ಅವನು ಕಲಿಯದೆ ಬಿಟ್ಟದ್ದಕ್ಕೆ ದಂಡ ತೆತ್ತವರು ಆ ತಾಯಿ. ನಾಲ್ಕು ದಿನದ ಬಸ್ ಚಾರ್ಜು, ನಾಲ್ಕು ದಿನದ ಕಾಯಿ ಸುಲಿಯುವ ಕೂಲಿ, ಬೆಂಚಿನ ತುದಿಯಲ್ಲಿ ಕೂತ ಅಷ್ಟೂ ಹೊತ್ತು.

ಬ್ಯಾಂಕಿಗೆ ಹೊಸದಾಗಿ ಸೇರಿರುವ ಮಕ್ಕಳೇ, ನಿಮ್ಮ ಜೊತೆ ನಾನು ಆಡಬೇಕಾದ ಮಾತು ಇದೊಂದೇ. ಯಾರೂ ಹೇಳಿಕೊಟ್ಟಿಲ್ಲ ಎಂಬ ಮಾತನ್ನು ಬಾಯಿಂದ ಬಿಡಿ. ಹೇಳಿಕೊಡುವುದು ಬ್ಯಾಂಕಿನ ಕರ್ತವ್ಯ, ಒಪ್ಪುತ್ತೇನೆ. ಅದು ತನ್ನ ಕರ್ತವ್ಯ ಮಾಡಲಿ ಬಿಡಲಿ, ಕಲಿಯುವ ಹೊಣೆ ಮಾತ್ರ ನಿಮ್ಮದೇ. ಕೌಂಟರಿನ ಆಚೆ ನಿಂತವರಿಗೆ ನಿಮ್ಮ ಬ್ಯಾಂಕಿನ ತರಬೇತಿ ವಿಭಾಗ ಕಾಣುವುದಿಲ್ಲ. ಅವರಿಗೆ ಕಾಣುವುದು ನಿಮ್ಮ ಮುಖ.

ನಾನು ಗುಮಾಸ್ತನಾಗಿ ಸೇರಿದ್ದು 1978ರಲ್ಲಿ. ಆಗ ಬೆಳಿಗ್ಗೆಯಿಂದ ಸಂಜೆಯವರೆಗೆ ಲೆಡ್ಜರುಗಳ ಜೊತೆ ಗುದ್ದಾಟ. ಎತ್ತಿ ಇಡುವುದಕ್ಕೇ ತೋಳಿನಲ್ಲಿ ಬಲ ಬೇಕಿತ್ತು. ವರ್ಷಕ್ಕೆ ಎರಡು ಸಲ ಬಡ್ಡಿ ಹಾಕುವ ಕಾಲ ಬಂದರೆ ರಾತ್ರಿ ಹತ್ತರವರೆಗೆ ಶಾಖೆಯ ದೀಪ ಆರುತ್ತಿರಲಿಲ್ಲ. ನಮ್ಮ ಅಕೌಂಟೆಂಟರು ಒಬ್ಬರಿದ್ದರು. ಕ್ಯಾಶ್ ಮುಗಿದು ಬೀಗದ ಕೈ ಒಳಗಿಟ್ಟ ಮೇಲೆ ಹೊಸಬರನ್ನು ಎದುರು ಕೂರಿಸಿಕೊಂಡು ಕೈಪಿಡಿಯ ಒಂದೇ ಒಂದು ಪುಟ ಓದಿಸುತ್ತಿದ್ದರು. ಒಂದು ಪುಟ, ಅದಕ್ಕಿಂತ ಹೆಚ್ಚಿಲ್ಲ. ಓದಿದ ಮೇಲೆ, "ಹೀಗೇ ಯಾಕೆ ಮಾಡಬೇಕು, ಹೇಳು" ಎನ್ನುವರು. ಹೇಗೆ ಮಾಡಬೇಕು ಎಂದು ಕೇಳಿದವರಲ್ಲ, ಯಾಕೆ ಎಂದೇ ಕೇಳುತ್ತಿದ್ದರು. ಉತ್ತರ ಬರದಿದ್ದರೆ ಬೈಯುತ್ತಿರಲಿಲ್ಲ. ನಾಳೆ ಅದೇ ಪುಟ.

ಒಂದು ಉದಾಹರಣೆ ಕೊಡುತ್ತೇನೆ. ಆಗ ಉಳಿತಾಯ ಖಾತೆಯ ಬಡ್ಡಿಯನ್ನು ಪ್ರತಿ ತಿಂಗಳ 10ನೇ ತಾರೀಕಿನಿಂದ ಕೊನೆಯ ತಾರೀಕಿನವರೆಗೆ ಖಾತೆಯಲ್ಲಿದ್ದ ಅತಿ ಕಡಿಮೆ ಮೊತ್ತದ ಮೇಲೆ ಲೆಕ್ಕ ಹಾಕುತ್ತಿದ್ದರು. ತಿಂಗಳ ನಡುವೆ ಒಂದೇ ದಿನ ಹಣ ತೆಗೆದರೂ ಆ ತಿಂಗಳ ಬಡ್ಡಿ ಕುಗ್ಗುತ್ತಿತ್ತು. ಲೆಕ್ಕ ಹಾಕುವುದು ನಮಗೆಲ್ಲ ಬರುತ್ತಿತ್ತು. ಆದರೆ ಯಾಕೆ ಎಂದು ಕೇಳಿಸಿಕೊಂಡು ಕಲಿತವರು ಕೌಂಟರಿಗೆ ಬಂದ ಮೇಷ್ಟರಿಗೆ, "ಹಣ ಕಟ್ಟುವುದಿದ್ದರೆ ಹತ್ತರೊಳಗೆ ಕಟ್ಟಿಬಿಡಿ ಸಾರ್, ತೆಗೆಯುವುದಿದ್ದರೆ ಮುಂದಿನ ತಿಂಗಳು ಹುಟ್ಟಲಿ" ಎಂದು ಹೇಳುತ್ತಿದ್ದರು. ಮೇಷ್ಟರಿಗೆ ಎಂಟೋ ಹತ್ತೋ ರೂಪಾಯಿ ಉಳಿಯುತ್ತಿತ್ತು. ಅವರು ಅದನ್ನು ಮರೆಯುತ್ತಿರಲಿಲ್ಲ. 2010ರ ಏಪ್ರಿಲ್ 1ರಿಂದ ಬಡ್ಡಿ ದಿನದ ಲೆಕ್ಕಕ್ಕೆ ಬಂತು. ಆ ಹೊತ್ತಿಗೆ ಲೆಕ್ಕವೆಲ್ಲ ಯಂತ್ರದ ಪಾಲಾಗಿತ್ತು.

ಈಗ ನನಗೆ ಹೆದರಿಕೆ ಹುಟ್ಟಿಸುವ ಮಾತೊಂದಿದೆ. ನಿವೃತ್ತಿಯಾದ ಮೇಲೆ ನಾನೂ ಕೌಂಟರಿನ ಆಚೆ ನಿಲ್ಲುವವನು. ಪಿಂಚಣಿ ಬಾಕಿಯ ವಿಚಾರವೋ ಠೇವಣಿಯ ಮೇಲೆ ಹಿಡಿದ ತೆರಿಗೆಯ ವಿಚಾರವೋ ಕೇಳಿದರೆ ಒಳಗಿನಿಂದ, "ಸಿಸ್ಟಮ್ ಹಾಗೇ ತೋರಿಸ್ತಿದೆ ಅಂಕಲ್" ಎಂಬ ಉತ್ತರ ಬರುತ್ತದೆ. ಸಿಸ್ಟಮ್ ತೋರಿಸುತ್ತದೆ ನಿಜ. ಯಾಕೆ ತೋರಿಸುತ್ತದೆ ಎಂದು ಹೇಳಬೇಕಾದವರು ನೀವು. ಅದು ನಿಮಗೆ ಗೊತ್ತಿಲ್ಲದಿದ್ದರೆ ಪರದೆಯ ಮುಂದೆ ನೀವು ಕೂತರೂ ಒಂದೇ, ಇನ್ನೊಬ್ಬರು ಕೂತರೂ ಒಂದೇ, ಯಾರೂ ಕೂರದಿದ್ದರೂ ಒಂದೇ. ಈ ಕೊನೆಯದನ್ನು ಸ್ವಲ್ಪ ಯೋಚಿಸಿ ನೋಡಿ.

ಕಲಿಯದೆ ಕುಳಿತವರ ಕಷ್ಟ ನನಗೆ ಬೇರೆಯವರನ್ನು ನೋಡಿ ಗೊತ್ತಾದದ್ದಲ್ಲ. 1983ರಲ್ಲಿ ಬ್ಯಾಂಕುಗಳ ಆಡಳಿತಕ್ಕೂ ನೌಕರ ಸಂಘಗಳಿಗೂ ಯಂತ್ರಗಳ ಬಗ್ಗೆ ಒಪ್ಪಂದವಾಯಿತು. ಮರುವರ್ಷ ಅದೇ ವಿಷಯದ ಮೇಲೆ ರಂಗರಾಜನ್ ಸಮಿತಿಯ ವರದಿ ಬಂತು. ನಮ್ಮ ಶಾಖೆಗೆ ಲೆಡ್ಜರ್ ಪೋಸ್ಟಿಂಗ್ ಯಂತ್ರ ಬಂದಾಗ 1990. ತರಬೇತಿಗೆ ಹೋಗುವವರು ಹೆಸರು ಕೊಡಿ ಎಂದರು. ನಾನು ಕೊಡಲಿಲ್ಲ. ಹೋದರೆ ಅದೇ ಸೀಟಿಗೆ ಕಟ್ಟಿಹಾಕುತ್ತಾರೆ, ದೂರದೂರಿಗೆ ವರ್ಗ ಮಾಡುತ್ತಾರೆ ಎಂದು ಹೆದರಿದ್ದೆ. ಹೆದರಿಕೆ ಎಂದು ಒಪ್ಪಿಕೊಳ್ಳದೆ, ಯಂತ್ರ ಬಂದರೆ ನೌಕರಿ ಹೋಗುತ್ತದೆ, ಅದಕ್ಕೇ ವಿರೋಧ ಎಂದು ದೊಡ್ಡ ಮಾತಾಡಿಕೊಂಡು ಓಡಾಡಿದೆ. ಹಾಗೆ ಆರು ವರ್ಷ ಕಳೆದುಹೋಯಿತು. ನನಗಿಂತ ಕಿರಿಯರು ಯಂತ್ರದ ಭತ್ಯೆಯನ್ನೂ ಪಡೆದರು, ಬಡ್ತಿಯನ್ನೂ ಪಡೆದರು. ಕೊನೆಗೆ 1996ರಲ್ಲಿ, ನನಗಿಂತ ಹದಿನೈದು ವರ್ಷ ಚಿಕ್ಕವಳಾದ ಒಬ್ಬ ಗುಮಾಸ್ತೆಯ ಪಕ್ಕ ಸ್ಟೂಲು ಹಾಕಿಕೊಂಡು ಕೂತೆ. ಸಂಜೆ ಐದೂವರೆಯಿಂದ ಆರೂವರೆ, ಎರಡು ತಿಂಗಳು. ಆ ಹುಡುಗಿ ಒಂದು ದಿನವೂ ಬೇಸರ ಮಾಡಿಕೊಳ್ಳಲಿಲ್ಲ. ಮುಂದೆ ನಾನು ಅಧಿಕಾರಿಯಾದದ್ದು, ಶಾಖೆ ನಡೆಸಿದ್ದು, ಎಲ್ಲಕ್ಕೂ ಆ ಎರಡು ತಿಂಗಳೇ ಬುನಾದಿ.

ನನ್ನ ಪಕ್ಕದ ಸೀಟಿನಲ್ಲಿದ್ದ ಗೆಳೆಯ ಆ ಸ್ಟೂಲಿನ ಮೇಲೆ ಕೂರಲಿಲ್ಲ. ಅವನಂಥ ಲೆಕ್ಕಿಗನನ್ನು ನಾನು ಮತ್ತೆ ಕಂಡಿಲ್ಲ. ಉದ್ದನೆಯ ಪುಟದ ಮೇಲೆ ಬೆರಳಾಡಿಸುತ್ತ ರೂಪಾಯಿ, ಪೈಸೆ ಎರಡನ್ನೂ ಒಟ್ಟಿಗೆ ಕೂಡಿಕೊಂಡು ಬರುತ್ತಿದ್ದ. ಬ್ಯಾಲೆನ್ಸ್ ಆಗದ ಲೆಡ್ಜರನ್ನು ಅವನ ಮೇಜಿನ ಮೇಲಿಟ್ಟರೆ ತಪ್ಪು ಎಲ್ಲಿದೆ ಎಂದು ವಾಸನೆ ಹಿಡಿದವನಂತೆ ಹೇಳುತ್ತಿದ್ದ. ಇಷ್ಟು ಬರುವವನಿಗೆ ಇನ್ನೇನು ಬೇಕು ಎಂದು ಅವನೂ ನಂಬಿದ್ದ, ನಾವೂ ನಂಬಿದ್ದೆವು. ಲೆಡ್ಜರುಗಳು ಗೋದಾಮಿಗೆ ಹೋದ ದಿನ ಅವನ ವಿದ್ಯೆಯೂ ಅವುಗಳ ಜೊತೆಗೇ ಹೋಯಿತು. 2000ದ ಕೊನೆಯಲ್ಲಿ ಸ್ವಯಂ ನಿವೃತ್ತಿ ಯೋಜನೆ ಬಂತು. ಸರ್ಕಾರಿ ಬ್ಯಾಂಕುಗಳಿಂದ ದೇಶದ ತುಂಬ ಸುಮಾರು ಒಂದು ಲಕ್ಷ ಜನ ಎದ್ದು ಹೋದರು. ಹಲವರಿಗೆ ಮನೆಯ ಕಾರಣಗಳಿದ್ದವು, ಕೆಲವರು ಸ್ವಂತ ಉದ್ಯೋಗ ಹಿಡಿದು ಚೆನ್ನಾಗಿಯೇ ಬದುಕಿದರು. ಆದರೆ ಪರದೆಗೆ ಹೆದರಿ ಎದ್ದವರು ಎಷ್ಟು ಮಂದಿ ಎಂದು ನಮ್ಮ ತಲೆಮಾರಿಗೆ ಗೊತ್ತು. ನನ್ನ ಗೆಳೆಯನಿಗೆ ಆಗ ಇನ್ನೂ ಐವತ್ತು ತುಂಬಿರಲಿಲ್ಲ. ಬೀಳ್ಕೊಡುಗೆಯ ದಿನ ಅವನು ತನ್ನ ಶಾಯಿ ಪೆನ್ನನ್ನು ನನ್ನ ಜೇಬಿಗೆ ಸಿಕ್ಕಿಸಿ ಹೋದ. ಅದು ಇವತ್ತಿಗೂ ನನ್ನ ಮೇಜಿನ ಮೇಲಿದೆ.

ಅದು ನಮ್ಮ ತಾತನ ಕಾಲದ ಕಥೆ, ನಮಗೆ ಕಂಪ್ಯೂಟರಿನ ಹೆದರಿಕೆ ಎಲ್ಲಿದೆ ಎಂದು ನೀವು ಅನ್ನಬಹುದು. ನಿಜ, ನಿಮ್ಮ ಬೆರಳು ನಮ್ಮ ಬೆರಳಿಗಿಂತ ಚುರುಕು. ಹಾಗಾಗಿಯೇ ನನಗೆ ಚಿಂತೆ. ಬೆರಳು ಚುರುಕಿದ್ದವರಿಗೆ ಕಲಿತಿದ್ದೇನೆ ಎಂಬ ಭ್ರಮೆ ಬೇಗ ಹುಟ್ಟುತ್ತದೆ. ನಿಮ್ಮ ಬ್ಯಾಂಕು ವರ್ಷಕ್ಕೆ ಇಷ್ಟು ಪಾಠ ಮುಗಿಸಬೇಕೆಂದು ಆನ್‌ಲೈನ್ ತರಬೇತಿ ಹಾಕುತ್ತದೆ. ನೀವು ಮೊಬೈಲು ಹಿಡಿದು ಮುಂದೆ, ಮುಂದೆ, ಮುಂದೆ ಎಂದು ಒತ್ತುತ್ತ ಹೋಗುತ್ತೀರಿ. ಕೊನೆಯ ಪ್ರಶ್ನೆಗಳಿಗೆ ಉತ್ತರ ವಾಟ್ಸಾಪ್ ಗುಂಪಿನಲ್ಲಿ ಮೊದಲೇ ಬಂದಿರುತ್ತದೆ. ನೂರಕ್ಕೆ ತೊಂಬತ್ತು ಅಂಕ, ಬಣ್ಣದ ಸರ್ಟಿಫಿಕೇಟು. ಹತ್ತು ನಿಮಿಷದಲ್ಲಿ ಎಲ್ಲ ಮುಗಿಯಿತು. ಯಾರಿಗೆ ಮೋಸವಾಯಿತು ಎಂದು ಒಂದು ಸಲ ಕೇಳಿಕೊಳ್ಳಿ.

ಕಳೆದ ವರ್ಷ ಶ್ರಾವಣದಲ್ಲಿ ಒಬ್ಬ ಹುಡುಗ ಮನೆಗೆ ಬಂದಿದ್ದ. ನಮ್ಮ ಬೀದಿಯವನೇ, ಒಂದು ಬ್ಯಾಂಕಿನಲ್ಲಿ ಅಧಿಕಾರಿಯಾಗಿ ಮೂರು ವರ್ಷ. ಕೂರು ಎಂದರೂ ಕೂರಲಿಲ್ಲ. ಜೇಬಿನಿಂದ ನಾಲ್ಕು ಮಡಿಕೆಯ ಕಾಗದ ತೆಗೆದು ಕೊಟ್ಟ. ಚಾರ್ಜ್‌ಶೀಟು. ಟಾರ್ಗೆಟ್ಟಿನ ಒತ್ತಡದಲ್ಲಿ ಒಂದೇ ದಿನ ನಾಲ್ಕು ಕರೆಂಟ್ ಅಕೌಂಟ್ ತೆರೆದಿದ್ದನಂತೆ. ಅಂಗಡಿಯ ವಿಳಾಸಕ್ಕೆ ಹೋಗಿ ನೋಡಿರಲಿಲ್ಲ, ನೋಡಿದ್ದೇನೆಂದು ಬರೆದು ಸಹಿ ಹಾಕಿದ್ದ. ಆ ವಿಳಾಸದಲ್ಲಿ ಅಂಗಡಿಯೇ ಇರಲಿಲ್ಲ. ಆನ್‌ಲೈನ್ ವಂಚಕರು ಜನರಿಂದ ದೋಚಿದ ಹಣವನ್ನು ಆ ಖಾತೆಗಳ ಮೂಲಕ ಸಾಗಿಸಿದ್ದರು. ಬೇರೆ ರಾಜ್ಯದ ಪೊಲೀಸರಿಂದ ಶಾಖೆಗೆ ಪತ್ರ ಬಂದಿತ್ತು. ಕಾಗದದ ಎರಡನೆಯ ಪುಟದಲ್ಲಿ ಅವನು ಮೀರಿದ ಸರ್ಕ್ಯುಲರುಗಳ ಪಟ್ಟಿ ಇತ್ತು, ಒಂದೊಂದರ ಮುಂದೆ ತಾರೀಕು. ನಾನು ಕನ್ನಡಕ ಸರಿಮಾಡಿಕೊಂಡು, "ಇವನ್ನೆಲ್ಲ ಓದಿದ್ದೆಯೇನಪ್ಪ?" ಎಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಓದಿದ್ದೇನೆ ಅಂತ ಒತ್ತಿದ್ದೆ ಸಾರ್" ಎಂದ.

ಆ ಮಾತು ಕೇಳಿ ನನಗೆ ಅವತ್ತು ಊಟ ಸೇರಲಿಲ್ಲ. ಅವನು ದುಡ್ಡು ತಿಂದವನಲ್ಲ. ಮನೆಯಲ್ಲಿ ತಾಯಿ, ಮದುವೆಯಾಗಬೇಕಾದ ತಂಗಿ. ಇಲಾಖಾ ವಿಚಾರಣೆಯಲ್ಲಿ ನನಗೆ ಗೊತ್ತಿರಲಿಲ್ಲ ಎಂಬುದು ಉತ್ತರವೇ ಅಲ್ಲ ಎಂದು ಅವನಿಗೆ ಹೇಳಬೇಕಾಯಿತು. ನಿಮ್ಮ ಐಡಿಯಿಂದ ಆದದ್ದೆಲ್ಲ ನೀವು ಮಾಡಿದ್ದೇ. ಓದಿದ್ದೇನೆ ಎಂದು ಒತ್ತಿದ ಗಳಿಗೆ, ನಿಮಿಷ ಸಮೇತ, ಕಡತದಲ್ಲಿ ಇರುತ್ತದೆ. ಪಾಸ್‌ವರ್ಡನ್ನು ಪಕ್ಕದವರಿಗೆ ಹೇಳಿ ಟೀ ಕುಡಿಯಲು ಹೋಗುವ ಮಕ್ಕಳೇ, ನಿಮಗೂ ಇದನ್ನೇ ಹೇಳುತ್ತಿದ್ದೇನೆ. ಸ್ನೇಹಕ್ಕೆ ಬೇಕಾದಷ್ಟು ದಾರಿಗಳಿವೆ. ಪಾಸ್‌ವರ್ಡು ಅದರಲ್ಲಿ ಒಂದಲ್ಲ.

ಹಾಗಾದರೆ ಏನು ಮಾಡಬೇಕು ಎಂದು ಕೇಳುವಿರಿ. ಮೊದಲು ಒಂದು ನೋಟ್‌ಬುಕ್ಕು ಕೊಳ್ಳಿ. ಮೊಬೈಲಿನಲ್ಲಿ ಬರೆದಿಟ್ಟರೆ ಸಾಲದೆ ಎಂದರೆ, ನನ್ನ ಅನುಭವದಲ್ಲಿ ಸಾಲದು. ಕೈಯಲ್ಲಿ ಬರೆದದ್ದು ತಲೆಯಲ್ಲಿ ನಿಲ್ಲುತ್ತದೆ. ದಿನಕ್ಕೆ ಒಂದೇ ಸರ್ಕ್ಯುಲರು ಓದಿ, ಅದರ ಸಾರವನ್ನು ನಾಲ್ಕು ಸಾಲಿನಲ್ಲಿ ನಿಮ್ಮದೇ ಮಾತಿನಲ್ಲಿ ಬರೆಯಿರಿ. ಬರೆಯಲು ಬರಲಿಲ್ಲವೆಂದರೆ ಅರ್ಥವಾಗಿಲ್ಲ ಎಂದು ತಿಳಿಯಿರಿ, ಮತ್ತೆ ಓದಿ. ನಿಮ್ಮ ಬ್ಯಾಂಕಿನ ಸರ್ಕ್ಯುಲರು ರಿಸರ್ವ್ ಬ್ಯಾಂಕಿನ ಯಾವ ನಿರ್ದೇಶನದಿಂದ ಹುಟ್ಟಿದೆ ಎಂದು ಹುಡುಕಿ ಮೂಲವನ್ನೇ ಓದುವ ಅಭ್ಯಾಸವಿಟ್ಟುಕೊಳ್ಳಿ. ರಿಸರ್ವ್ ಬ್ಯಾಂಕಿನ ವೆಬ್‌ಸೈಟಿನಲ್ಲಿ ಎಲ್ಲವೂ ಪುಕ್ಕಟೆ ಸಿಗುತ್ತದೆ. ನಮ್ಮ ಕಾಲದಲ್ಲಿ ಅವುಗಳ ಪ್ರತಿ ನೋಡಬೇಕಾದರೆ ಪ್ರಾದೇಶಿಕ ಕಚೇರಿಗೆ ಪತ್ರ ಬರೆದು ತಿಂಗಳು ಕಾಯಬೇಕಿತ್ತು.

ಯಾಕೆ ಇಷ್ಟು ಒತ್ತಿ ಹೇಳುತ್ತೇನೆಂದರೆ ಈ ವೃತ್ತಿಯಲ್ಲಿ ಒಮ್ಮೆ ಕಲಿತದ್ದು ಕೊನೆಯವರೆಗೆ ಬರುವುದಿಲ್ಲ. ಸಾಲದ ಕಂತು 180 ದಿನ ನಿಂತರೆ ವಸೂಲಾಗದ ಸಾಲ ಎಂದು ಕಲಿತವರು 2004ರ ಮಾರ್ಚ್ ಕೊನೆಗೆ ಅದು 90 ದಿನಕ್ಕೆ ಇಳಿದದ್ದನ್ನು ಮತ್ತೆ ಕಲಿಯಬೇಕಾಯಿತು. ಚೆಕ್ಕಿಗೆ ಆರು ತಿಂಗಳ ಆಯುಸ್ಸು ಎಂದು ಮೂವತ್ತು ವರ್ಷ ಬಾಯಿಪಾಠ ಮಾಡಿದವರಿಗೆ 2012ರ ಏಪ್ರಿಲ್ 1ರಿಂದ ಅದು ಮೂರೇ ತಿಂಗಳಾಯಿತು. ಆ ಏಪ್ರಿಲ್‌ನಲ್ಲಿ ಹಳೆಯ ಅಭ್ಯಾಸದಲ್ಲೇ ಚೆಕ್ಕು ಪಾಸು ಮಾಡಿ ಪೇಚಿಗೆ ಸಿಕ್ಕವರನ್ನು ನಾನು ಬಲ್ಲೆ, ಎಲ್ಲರೂ ಇಪ್ಪತ್ತು ವರ್ಷ ಸೇವೆಯಾದವರು. ಅನುಭವವೂ ಹಳಸುತ್ತದೆ. ಅದನ್ನು ಆಗಾಗ ಬಿಸಿ ಮಾಡಿಕೊಳ್ಳದಿದ್ದರೆ ಬಡಿಸಿದವರಿಗೂ ಉಂಡವರಿಗೂ ತೊಂದರೆ.

ಬೋರ್ಡೇ ಬದಲಾದದ್ದನ್ನೂ ನಮ್ಮ ಕರ್ನಾಟಕ ಕಂಡಿತು. 2017ರ ಏಪ್ರಿಲ್‌ನಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು, 2019ರ ಏಪ್ರಿಲ್‌ನಲ್ಲಿ ವಿಜಯ ಬ್ಯಾಂಕು, 2020ರ ಏಪ್ರಿಲ್‌ನಲ್ಲಿ ಸಿಂಡಿಕೇಟ್ ಮತ್ತು ಕಾರ್ಪೊರೇಶನ್ ಬ್ಯಾಂಕುಗಳು ಬೇರೆ ಬ್ಯಾಂಕುಗಳಲ್ಲಿ ಸೇರಿಹೋದವು. ಮನೆಯ ಹೆಸರು ಹೋದ ನೋವು ಎಲ್ಲರಿಗೂ ಇತ್ತು. ಆದರೆ ಕೆಲಸದಲ್ಲಿ ಯಾರು ತಡವರಿಸಿದರು, ಯಾರು ನಿಂತರು ಎಂದು ನಾನು ಗಮನಿಸಿದ್ದೇನೆ. ನಮ್ಮ ಬ್ಯಾಂಕಿನಲ್ಲಿ ಹೀಗೆ ಎಂಬುದಷ್ಟನ್ನೇ ಕಲಿತವರು ವರ್ಷಗಟ್ಟಲೆ ಒದ್ದಾಡಿದರು. ಅಡಮಾನ ಎಂದರೇನು, ಜಾಮೀನುದಾರನ ಹೊಣೆ ಎಲ್ಲಿಯವರೆಗೆ, ಸಾಲದ ಕಾಗದಕ್ಕೆ ಕಾಲಮಿತಿ ಯಾಕೆ, ಇಂಥ ಬೇರುಗಳನ್ನು ಹಿಡಿದುಕೊಂಡವರು ಹೊಸ ಫಾರಂ ಮೇಲೆ ಎರಡೇ ವಾರದಲ್ಲಿ ಕೈ ಓಡಿಸಿದರು. ಬ್ಯಾಂಕಿನ ಹೆಸರು ಬದಲಾಗಬಹುದು. ಬ್ಯಾಂಕಿಂಗಿನ ಬೇರು ಬದಲಾಗುವುದಿಲ್ಲ.

ಜೆಎಐಐಬಿ ಪರೀಕ್ಷೆಯನ್ನು ಸೇರಿದ ಎರಡು ವರ್ಷದೊಳಗೆ ಮುಗಿಸಿ, ಆಮೇಲೆ ಸಿಎಐಐಬಿ. ಈ ಪರೀಕ್ಷೆಗಳನ್ನು ನಡೆಸುವ ಬ್ಯಾಂಕರುಗಳ ಸಂಸ್ಥೆ ಹುಟ್ಟಿದ್ದು 1928ರಲ್ಲಿ. ಪಾಸಾದರೆ ಇನ್‌ಕ್ರಿಮೆಂಟೂ ಉಂಟು. ಇನ್‌ಕ್ರಿಮೆಂಟಿನ ಆಸೆಗೆ ಓದಿದರೂ ತಪ್ಪಿಲ್ಲ, ಓದಿದ್ದು ಒಳಗೆ ಉಳಿಯುತ್ತದೆ. ಮದುವೆಯಾಗಲಿ, ಮನೆಯಾಗಲಿ, ಆಮೇಲೆ ನೋಡೋಣ ಎಂದವರು ಆಮೇಲೆ ನೋಡಿದ್ದನ್ನು ನಾನು ಕಂಡಿಲ್ಲ. ಸಾಲ, ಅಪಾಯ ನಿರ್ವಹಣೆ, ಟ್ರೆಜರಿ, ಲೆಕ್ಕಪತ್ರ, ಈ ನಾಲ್ಕು ವಿಭಾಗಗಳಲ್ಲಿ ಕೆಲಸ ಮಾಡುವವರಿಗೆ ಪ್ರಮಾಣಪತ್ರ ಇರಬೇಕೆಂದು ರಿಸರ್ವ್ ಬ್ಯಾಂಕು 2016ರಲ್ಲೇ ಬ್ಯಾಂಕುಗಳಿಗೆ ಸೂಚಿಸಿದೆ. ಅದರ ಅರ್ಥ ಮಾಡಿಕೊಳ್ಳಿ: ಮುಂದೆ ಒಳ್ಳೆಯ ಸೀಟುಗಳು ಕಲಿತವರಿಗೆ ಸಿಗುತ್ತವೆ, ಹಿರಿಯರು ಎಂಬ ಒಂದೇ ಕಾರಣಕ್ಕೆ ಸಿಗುವುದಿಲ್ಲ.

ಪುಸ್ತಕದಲ್ಲಿ ಇಲ್ಲದ ಪಾಠವೂ ಇದೆ. ನಿಮ್ಮ ಊರಿನ ಕಸುಬು ಕಲಿಯಿರಿ. ತಿಪಟೂರಿನ ಕಡೆ ಉಂಡೆ ಕೊಬ್ಬರಿಯಾಗಬೇಕಾದರೆ ತೆಂಗಿನಕಾಯಿ ಹತ್ತು ಹನ್ನೊಂದು ತಿಂಗಳು ಅಟ್ಟದ ಮೇಲೆ ಒಣಗಬೇಕು. ಅಲ್ಲಿಯವರೆಗೆ ರೈತನ ಕೈಯಲ್ಲಿ ಕಾಸಿಲ್ಲ. ಅಂಥವನಿಗೆ ತಿಂಗಳ ಕಂತಿನ ಸಾಲ ಕೊಟ್ಟು, ಮೂರನೇ ತಿಂಗಳು ಕಂತು ನಿಂತಿತು ಎಂದು ನೋಟಿಸು ಕಳಿಸಿದ ಅಧಿಕಾರಿಯನ್ನು ನೋಡಿದ್ದೇನೆ. ಅವನಿಗೆ ಸಾಲದ ನಿಯಮವೆಲ್ಲ ಗೊತ್ತಿತ್ತು, ಅಟ್ಟ ಗೊತ್ತಿರಲಿಲ್ಲ. ಉಡುಪಿಯಲ್ಲಿ 1925ರಲ್ಲಿ ಕೈಮಗ್ಗದ ನೇಕಾರರಿಗೆ ನೆರವಾಗಲೆಂದು ಟಿ.ಎಂ.ಎ. ಪೈ ಮತ್ತು ಅವರ ಸಂಗಡಿಗರು ಕಟ್ಟಿದ ಬ್ಯಾಂಕೇ ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯಿತು. 1928ರಲ್ಲಿ ಅಲ್ಲಿ ಪಿಗ್ಮಿ ಠೇವಣಿ ಶುರುವಾದಾಗ ಮನೆಮನೆಗೆ ಹೋಗಿ ದಿನಕ್ಕೆ ಎರಡಾಣೆ ಕೂಡಿಸುತ್ತಿದ್ದರು. ದಿನಗೂಲಿಯವನ ಜೇಬಿನಲ್ಲಿ ಎಷ್ಟು ಹೊತ್ತಿಗೆ ಎಷ್ಟು ಕಾಸಿರುತ್ತದೆ ಎಂದು ತಿಳಿದವರು ಮಾತ್ರ ಇಂಥದ್ದನ್ನು ಯೋಚಿಸಬಲ್ಲರು. ತಿಂಗಳಿಗೊಂದು ಭಾನುವಾರ ನಿಮ್ಮ ಗ್ರಾಹಕರ ತೋಟಕ್ಕೋ ಗಿರಣಿಗೋ ಹೋಗಿ ಬನ್ನಿ. ಏನನ್ನೂ ಮಾರಲು ಹೋಗಬೇಡಿ, ಬರೀ ಕೇಳಿಸಿಕೊಂಡು ಬನ್ನಿ.

ಭಾಷೆಯೂ ಇದರಲ್ಲೇ ಸೇರಿದ್ದು. ನನ್ನನ್ನು ಅನಂತಪುರದ ಕಡೆ ಹಾಕಿದಾಗ ಮೊದಲ ವಾರ ಒಬ್ಬ ರೈತ ಅಪ್ಪು, ಅಪ್ಪು ಎಂದು ಕೈ ಮುಗಿಯುತ್ತಿದ್ದ. ತೆಲುಗಿನಲ್ಲಿ ಅಪ್ಪು ಎಂದರೆ ಸಾಲ ಎಂದು ಅಟೆಂಡರು ಬಿಡಿಸಿ ಹೇಳುವವರೆಗೆ ನನಗೆ ತಿಳಿಯಲಿಲ್ಲ. ಆರು ತಿಂಗಳಲ್ಲಿ ತೆಲುಗು ಮಾತಾಡಲು ಕಲಿತೆ. ಜನ ತಮ್ಮ ನಿಜವಾದ ಕಷ್ಟವನ್ನು ಹೇಳತೊಡಗಿದ್ದು ಆಮೇಲೆಯೇ. ನೀವು ಹೊರರಾಜ್ಯಕ್ಕೆ ಹೋದರೆ ಅಲ್ಲಿನ ನುಡಿ ಕಲಿಯಿರಿ. ಇಲ್ಲಿಗೆ ಬಂದ ಹೊರರಾಜ್ಯದ ಗೆಳೆಯರಿಗೆ ಪಕ್ಕದಲ್ಲಿ ಕೂರಿಸಿಕೊಂಡು ಕನ್ನಡ ಕಲಿಸಿ. ದಿನಕ್ಕೆ ಐದು ವಾಕ್ಯ ಹೇಳಿಕೊಟ್ಟರೂ ಮಳೆಗಾಲ ಮುಗಿಯುವುದರೊಳಗೆ ಅವರು ನಮ್ಮ ಅಜ್ಜಿಯರ ಜೊತೆ ಮಾತಾಡಬಲ್ಲರು.

ನಿಮಗೆ ಪುರುಸೊತ್ತಿಲ್ಲ ಎಂದು ನಾನು ಬಲ್ಲೆ. ನಾಲ್ಕು ಜನ ಮಾಡುವ ಕೆಲಸ ಇಬ್ಬರ ಮೇಲಿದೆ. ವಿಮೆ ಮಾರಬೇಕು, ಕಾರ್ಡು ಮಾರಬೇಕು, ರಾತ್ರಿ ಎಂಟಕ್ಕೆ ಫೋನಿನಲ್ಲಿ ಟಾರ್ಗೆಟ್ ಒಪ್ಪಿಸಬೇಕು. ಇದು ಅನ್ಯಾಯ, ಇದನ್ನು ಸಂಘದಲ್ಲಿ, ಸಭೆಯಲ್ಲಿ ಕೇಳಲೇಬೇಕು. ಆದರೆ ಆ ಜಗಳ ತೀರಿದ ಮೇಲೆ ಕಲಿಯುತ್ತೇನೆ ಎಂದು ಕಾಯಬೇಡಿ. ನಿಮಗೆ ತರಬೇತಿ ಬೇಕೆನಿಸಿದರೆ ಬಾಯಿಮಾತಿನಲ್ಲಿ ಕೇಳಿ ಸುಮ್ಮನಾಗಬೇಡಿ. ಯಾವ ವಿಷಯ, ಯಾಕೆ ಬೇಕು, ಬಂದ ಮೇಲೆ ಯಾವ ಸೀಟಿನಲ್ಲಿ ಬಳಸುವಿರಿ ಎಂದು ಬರೆದು ಕೊಡಿ, ಪ್ರತಿ ಇಟ್ಟುಕೊಳ್ಳಿ. ಮೂರು ಸಲ ಬರೆದವರನ್ನು ನಾಲ್ಕನೇ ಸಲ ಕಳಿಸಿಯೇ ಕಳಿಸುತ್ತಾರೆ. ಅಳುವ ಮಗುವಿಗೇ ಹಾಲು.

ನಿಮ್ಮಲ್ಲಿ ಕೆಲವರು ಈಗಾಗಲೇ ಮ್ಯಾನೇಜರುಗಳಾಗಿದ್ದೀರಿ. ನಿಮ್ಮ ಜೊತೆ ಸ್ವಲ್ಪ ಗಟ್ಟಿಯಾಗಿಯೇ ಮಾತಾಡಬೇಕು. ತರಬೇತಿಗೆ ಒಬ್ಬರನ್ನು ಕಳಿಸಿ ಎಂದು ಪತ್ರ ಬಂದಾಗ ನಮ್ಮ ಶಾಖೆಗಳಲ್ಲಿ ಒಂದು ಕೆಟ್ಟ ಪದ್ಧತಿ ಇತ್ತು, ಈಗಲೂ ಇದೆ. ಯಾರಿಲ್ಲದಿದ್ದರೂ ಕೆಲಸ ನಡೆಯುತ್ತದೋ ಅವರನ್ನು ಕಳಿಸುವುದು. ಸಾಲದ ತರಬೇತಿಗೆ ಕ್ಯಾಶಿನವರು, ವಿದೇಶಿ ವಿನಿಮಯದ ತರಬೇತಿಗೆ ಮುಂದಿನ ವರ್ಷ ನಿವೃತ್ತರಾಗುವವರು. ಕೆಲಸ ಬಲ್ಲವರನ್ನು ಸೀಟು ಬಿಟ್ಟು ಏಳಲು ಬಿಡುವುದಿಲ್ಲ. ಹತ್ತು ವರ್ಷ ಒಂದೇ ಸೀಟಿನಲ್ಲಿ ಕೂರಿಸಿ, ಕೊನೆಗೆ ಇವರಿಗೆ ಬೇರೇನೂ ಬರುವುದಿಲ್ಲ ಎಂದು ವರದಿ ಬರೆಯುತ್ತೇವೆ. ನಾನೂ ಒಮ್ಮೆ ಹೀಗೆ ಮಾಡಿದ್ದೇನೆ. ಒಬ್ಬ ಚುರುಕು ಹುಡುಗಿಯನ್ನು ಕ್ಲಿಯರಿಂಗ್ ಸೀಟಿನಿಂದ ಎರಡು ವರ್ಷ ಏಳಗೊಡಲಿಲ್ಲ, ನನ್ನ ಅನುಕೂಲಕ್ಕಾಗಿ. ಆಕೆ ಕೆಲಸ ಬಿಟ್ಟು ಹೋದಾಗ ತಪ್ಪು ತಿಳಿಯಿತು. ಆರು ತಿಂಗಳಿಗೊಮ್ಮೆ ಸೀಟು ಬದಲಿಸಿ. ತರಬೇತಿಯಿಂದ ಬಂದವರನ್ನು ಶನಿವಾರ ಸಂಜೆ ಅರ್ಧ ಗಂಟೆ ನಿಲ್ಲಿಸಿ, ಕಲಿತದ್ದನ್ನು ಉಳಿದವರಿಗೆ ಹೇಳಿಸಿ.

ಅಟೆಂಡರುಗಳನ್ನು ಮರೆಯಬೇಡಿ. ನಮ್ಮ ಶಾಖೆಯಲ್ಲಿ ವೋಚರು ಹೊಲಿಯುತ್ತಿದ್ದ ಒಬ್ಬರಿಗೆ ಹೆಡ್ ಕ್ಯಾಶಿಯರು ದಿನಾ ಹೊಲಿಯುವ ಮೊದಲು ಒಂದೊಂದು ವೋಚರು ಓದಿಸಿ, ಇದು ಯಾವ ಖಾತೆಯಿಂದ ಯಾವ ಖಾತೆಗೆ ಎಂದು ಕೇಳುತ್ತಿದ್ದರು. ನಾಲ್ಕು ವರ್ಷದ ಮೇಲೆ ಅವರು ಬಡ್ತಿ ಪರೀಕ್ಷೆ ಪಾಸಾಗಿ ಗುಮಾಸ್ತರಾದರು. ಅದಕ್ಕೆ ಬ್ಯಾಂಕು ಒಂದು ರೂಪಾಯಿಯನ್ನೂ ಖರ್ಚು ಮಾಡಿರಲಿಲ್ಲ.

ಚಾರ್ಜ್‌ಶೀಟು ತಂದಿದ್ದ ಹುಡುಗನಿಗೆ ಕೆಲಸ ಉಳಿಯಿತು, ಎರಡು ಇನ್‌ಕ್ರಿಮೆಂಟು ಹೋಯಿತು. ಮೊನ್ನೆ ಸಿಕ್ಕಿದ್ದ. ಕೈಚೀಲದಲ್ಲಿ ನೀಲಿ ರಟ್ಟಿನ ನೋಟ್‌ಬುಕ್ಕು ಇತ್ತು. ತೆರೆದು ತೋರಿಸಿದ. ಅಕ್ಷರ ಚೆನ್ನಾಗಿಲ್ಲ, ಆದರೆ ಅರವತ್ತು ಪುಟ ತುಂಬಿದೆ. ಅವನಿಗೆ ಇನ್ನೂ ಮೂವತ್ತು ವರ್ಷದ ಸೇವೆ ಇದೆ. ನಿಮಗೂ ಅಷ್ಟೇ ಇದೆ, ಅದಕ್ಕೇ ಇಷ್ಟು ಬರೆಯುವ ಧೈರ್ಯ ಮಾಡಿದೆ.

ನಿಮ್ಮ ನೋಟ್‌ಬುಕ್ಕಿನ ಮೊದಲ ಪುಟಕ್ಕೆ ಇದು: 2025ರ ನವೆಂಬರ್ 1ರಿಂದ ಒಂದು ಠೇವಣಿ ಖಾತೆಗೆ ನಾಲ್ಕು ಜನರವರೆಗೆ ನಾಮಿನಿ ಹೆಸರಿಸಬಹುದು. ಒಟ್ಟಿಗೆ ಪಾಲು ಹಂಚಿಯೂ ಹೆಸರಿಸಬಹುದು, ಒಬ್ಬರಾದ ಮೇಲೆ ಒಬ್ಬರು ಎಂದೂ ಹೆಸರಿಸಬಹುದು. ಲಾಕರಿಗೆ ಮಾತ್ರ ಒಬ್ಬರಾದ ಮೇಲೆ ಒಬ್ಬರು ಎಂಬುದೊಂದೇ ದಾರಿ. ಇಷ್ಟು ನಾನು ಹೇಳಿದೆ. ಪಾಲು ಹೇಗೆ ಬರೆಸಬೇಕು, ನಾಮಿನಿಗಳಲ್ಲಿ ಒಬ್ಬರು ಮೊದಲೇ ತೀರಿಕೊಂಡರೆ ಏನು, ಹಳೆಯ ಖಾತೆಯಲ್ಲಿ ಬದಲಿಸಲು ಯಾವ ಫಾರಂ, ಇವನ್ನು ಇವತ್ತು ರಾತ್ರಿ ನೀವು ಓದಿ. ನಾಳೆ ಬೆಳಿಗ್ಗೆ ಯಾರಾದರೂ ಒಬ್ಬ ತಾಯಿ 40 ಕಿಲೋಮೀಟರ್ ದೂರದಿಂದ ಬಸ್ಸಿನಲ್ಲಿ ಬಂದು ನಿಮ್ಮನ್ನು ಅದನ್ನೇ ಕೇಳಬಹುದು.